ಮೃಗಾಲಯಕ್ಕೆ ಹೋಗುವ ಮುನ್ನ

ದೀಪಾವಳಿ ಕಳೆದು ಚಳಿ ಬಿದ್ದಿತೆಂದರೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಶಾಲೆ ಕಾಲೇಜುಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಹಣ ಕೂಡಿಸುವುದು, ಬಸ್ಸು ಗೊತ್ತುಮಾಡುವುದು, ತಂದೆತಾಯಿಗಳ ಒಪ್ಪಿಗೆ ಪಡೆಯುವುದು, ಕಡೆಗೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಹೊರಡುವುದು—ಇವೆಲ್ಲ ಹಬ್ಬದ ಸಂಭ್ರಮದಿಂದಲೇ ನಡೆಯುವುವು. ರಾತ್ರಿಯೆಲ್ಲ ಪಯಣ ಮಾಡಿದ ಬಸ್ಸು ಬೆಳಗಿನ ಹೊತ್ತಿಗೆ ಮೈಸೂರನ್ನು ಮುಟ್ಟುತ್ತದೆ. ಅಂದಿನ ಒಂದೇ ಹಗಲಿನಲ್ಲಿ ಅರಮನೆಯಾಗಬೇಕು, ಚಾಮುಂಡಿಬೆಟ್ಟವಾಗಬೇಕು, ಸಂಜೆಗೆ ಕೃಷ್ಣರಾಜಸಾಗರದ ಬೃಂದಾವನವೂ ಆಗಬೇಕು. ಇವುಗಳ ನಡುವೆ ಶ್ರೀ ಚಾಮರಾಜೇಂದ್ರ ಮೃಗಾಲಯದ ಪಾಲಿಗೆ ಬರುವುದು ಎರಡು ಗಂಟೆ. ಈ ಎರಡು ಗಂಟೆಗಳನ್ನು ಕುರಿತು ವಿದ್ಯಾರ್ಥಿಮಿತ್ರರೊಡನೆಯೂ ಅವರ ಉಪಾಧ್ಯಾಯರೊಡನೆಯೂ ನಾವು ಸ್ವಲ್ಪ ಜಗಳವಾಡಬೇಕಾಗಿದೆ.

ಮೊದಲು ಲೆಕ್ಕವನ್ನೇ ನೋಡೋಣ. ಮೈಸೂರಿನ ಮೃಗಾಲಯ 157 ಎಕರೆಗಳಷ್ಟು ವಿಸ್ತಾರವಾದುದು. ಅಲ್ಲಿ ನೂರಕ್ಕೂ ಹೆಚ್ಚು ಜಾತಿಯ ಪ್ರಾಣಿಪಕ್ಷಿಗಳುಂಟು. ಎರಡು ಗಂಟೆಯೆಂದರೆ 120 ನಿಮಿಷ. ಒಂದು ಆವರಣದಿಂದ ಇನ್ನೊಂದಕ್ಕೆ ನಡೆಯುವ ಹೊತ್ತನ್ನೂ, ನೀರು ಕುಡಿಯುವ ಹೊತ್ತನ್ನೂ, ಗುಂಪು ತಪ್ಪಿದವರನ್ನು ಕೂಗಿ ಕರೆಯುವ ಹೊತ್ತನ್ನೂ ಕಳೆದರೆ ಒಂದೊಂದು ಜಾತಿಗೆ ಅರ್ಧ ನಿಮಿಷ ಸಿಕ್ಕಿದರೆ ಪುಣ್ಯ. ಆ ಅರ್ಧ ನಿಮಿಷದಲ್ಲಿ ಮೊಬೈಲಿನಿಂದ ಒಂದು ಚಿತ್ರ ತೆಗೆಯಬೇಕು. ಚಿತ್ರದಲ್ಲಿ ಹುಲಿಗಿಂತ ಮುಂದೆ ತಾನಿರಬೇಕು. ಹೀಗೆ ಜಿರಾಫೆಯನ್ನು ಕಂಡುಬಂದ ಹುಡುಗನನ್ನು ಅದು ನೀರು ಕುಡಿಯುವಾಗ ಮುಂಗಾಲುಗಳನ್ನು ಏನು ಮಾಡುತ್ತದೆ ಎಂದು ಕೇಳಿದರೆ ಅವನು ಮುಖ ನೋಡುತ್ತಾನೆ. ಅವನ ತಪ್ಪೇನೂ ಇಲ್ಲ. ಸಂತೆಯಲ್ಲಿ ಓಡಿದವನನ್ನು ಸರಕಿನ ಬೆಲೆ ಕೇಳಿದಂತಾಯಿತು.

ಮೃಗಾಲಯವೆಂಬುದು ಇಂದು ಸಾಮಾನ್ಯವಾಗಿ ಕಾಣುವ ವಸ್ತುವಾದರೂ ಅದು ಜನಸಾಮಾನ್ಯರ ಪಾಲಿಗೆ ಬಂದುದು ಈಚೆಗೆ. ಅರಸರು ಹುಲಿ ಸಿಂಹಗಳನ್ನು ಸಾಕುತ್ತಿದ್ದುದು ಬಹು ಹಿಂದಿನ ಮಾತು. ಆದರೆ ಅದು ಅವರ ಐಶ್ವರ್ಯದ ಪ್ರದರ್ಶನವಾಗಿದ್ದಿತು. ಪ್ರಾಣಿಶಾಸ್ತ್ರದ ಅಭ್ಯಾಸಕ್ಕಾಗಿ ಲಂಡನ್ನಿನಲ್ಲಿ 1828ರಲ್ಲಿ ತೆರೆದ ಮೃಗೋದ್ಯಾನಕ್ಕೂ ಸಾರ್ವಜನಿಕರಿಗೆ ಪ್ರವೇಶ ದೊರೆತದ್ದು 1847ರಲ್ಲಿ. ನಮ್ಮ ದೇಶದಲ್ಲಿ ಮದ್ರಾಸು, ತಿರುವನಂತಪುರ, ಕಲ್ಕತ್ತೆಗಳ ಮೃಗಾಲಯಗಳು ಆ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದುವು. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಆಗ ಒಂದು ಚಿಕ್ಕ ಮೃಗಾಲಯವಿದ್ದಿತೆಂಬುದು ಅಲ್ಲಿ ಹೂವಿನ ಪ್ರದರ್ಶನಕ್ಕೆ ನೆರೆಯುವ ಅನೇಕರಿಗೆ ತಿಳಿಯದು; ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅದು ಮುಚ್ಚಿಹೋಯಿತು. ಅದರ ಗುರುತಾಗಿ ಉಳಿದಿರುವುದು ಪಾರಿವಾಳಗಳ ಗೂಡೊಂದು. ಮೈಸೂರಿನ ಮೃಗಾಲಯವನ್ನು ಚಾಮರಾಜೇಂದ್ರ ಒಡೆಯರು 1892ರಲ್ಲಿ ಹತ್ತು ಎಕರೆಗಳಷ್ಟು ನೆಲದಲ್ಲಿ ಆರಂಭಿಸಿದರು. ಎರಡು ವರ್ಷ ತುಂಬುವಷ್ಟರಲ್ಲಿ ಅವರು ಕಾಲವಾದರು. ಅರಮನೆಯ ಮೃಗಾಲಯವಾಗಿದ್ದ ಅದಕ್ಕೆ 1909ರಲ್ಲಿ ಅವರ ಹೆಸರು ಬಂದಿತು. ಅದರ ಆಡಳಿತ 1948ರಲ್ಲಿ ರಾಜ್ಯದ ಉದ್ಯಾನ ಇಲಾಖೆಗೂ, 1972ರಲ್ಲಿ ಅರಣ್ಯ ಇಲಾಖೆಗೂ ಸೇರಿತು. ನೂರಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಬಾಳಿದ ಸಂಸ್ಥೆಯಿದು. ಅರಸನೊಬ್ಬನು ನೋಡುತ್ತಿದ್ದುದನ್ನು ಇಂದು ಒಕ್ಕಲಿಗನ ಮಗಳೂ ನೋಡಬಹುದು. ಆದರೆ ಅರಸನಿಗೆ ಬಿಡುವಿತ್ತು, ಇವಳಿಗೆ ಎರಡು ಗಂಟೆ.

ಇಷ್ಟು ಹೇಳುವಾಗ ಇನ್ನೊಂದು ಪಕ್ಷದವರು ನಮ್ಮನ್ನು ತಡೆಯುವರು. ‘ಮೃಗಾಲಯವೆಂದರೆ ಸೆರೆಮನೆ, ಅಲ್ಲಿಗೆ ಮಕ್ಕಳನ್ನು ಒಯ್ಯುವುದೇ ತಪ್ಪು, ಎರಡು ಗಂಟೆಯಾದರೇನು, ಎರಡು ದಿನವಾದರೇನು?’ ಎಂಬುದು ಅವರ ವಾದ. ಇದನ್ನು ತಳ್ಳಿಹಾಕುವಂತಿಲ್ಲ. ಕಬ್ಬಿಣದ ಸರಳುಗಳ ಹಿಂದೆ ಸಿಮೆಂಟಿನ ನೆಲದ ಮೇಲೆ ಹುಲಿಯನ್ನು ನಿಲ್ಲಿಸಿದ ಕಾಲವೊಂದಿದ್ದಿತು. ಅದನ್ನು ಮುರಿದವರಲ್ಲಿ ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್ ಮುಖ್ಯನಾದವನು. ಅವನು 1907ರಲ್ಲಿ ಹ್ಯಾಂಬರ್ಗ್ ನಗರದ ಬಳಿ ತೆರೆದ ಮೃಗೋದ್ಯಾನದಲ್ಲಿ ಸರಳುಗಳನ್ನು ತೆಗೆದು ಕಂದಕಗಳನ್ನು ತೋಡಿಸಿದನು. ಒಂದೊಂದು ಪ್ರಾಣಿ ಎಷ್ಟು ದೂರ ನೆಗೆಯಬಲ್ಲುದು, ಎಷ್ಟು ಎತ್ತರ ಹಾರಬಲ್ಲುದು ಎಂಬುದನ್ನು ಮೊದಲು ಅಳೆದು, ಕಂದಕವನ್ನು ಅದಕ್ಕಿಂತ ಅಗಲವಾಗಿ ಮಾಡಿದರಾಯಿತು ಎಂಬುದು ಅವನ ಉಪಾಯ. ಇಂದು ಮೈಸೂರಿನಲ್ಲಿ ಕಂದಕದಾಚೆ ಸಿಂಹವನ್ನು ನೋಡುವವರು ನೋಡುತ್ತಿರುವುದು ಸಿಂಹವನ್ನಷ್ಟೇ ಅಲ್ಲ, ಆ ಅಳತೆಯನ್ನೂ ಹೌದು.

ಅಳತೆಯ ಮಾತು ಬಂದುದರಿಂದ ಇನ್ನೊಬ್ಬನ ಹೆಸರನ್ನೂ ಹೇಳಬೇಕು. ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್ ಎಂಬ ಪ್ರಾಣಿಶಾಸ್ತ್ರಜ್ಞನು ಬರ್ನ್, ಬಾಸೆಲ್, ಜ್ಯೂರಿಕ್ ನಗರಗಳ ಮೃಗಾಲಯಗಳನ್ನು ನಡೆಸಿದವನು. ಸೆರೆಯಲ್ಲಿರುವ ಕಾಡುಪ್ರಾಣಿಗಳ ಬಗೆಗೆ 1942ರಲ್ಲಿ ಅವನು ಬರೆದ ಗ್ರಂಥದಿಂದ ಮೃಗಾಲಯದ ವಿಷಯ ಒಂದು ಶಾಸ್ತ್ರವೇ ಆಯಿತೆನ್ನಬಹುದು. ಪ್ರತಿಯೊಂದು ಕಾಡುಪ್ರಾಣಿಗೂ ಶತ್ರುವಿನಿಂದ ತಾನು ಕಾಯ್ದುಕೊಳ್ಳುವ ಅಂತರವೊಂದಿದೆ. ಶತ್ರು ಅದನ್ನು ದಾಟಿದ ಕ್ಷಣದಲ್ಲಿ ಅದು ಓಡಲು ತೊಡಗುತ್ತದೆ ಎಂದು ಅವನು ತೋರಿಸಿದನು. ಇದನ್ನು ನಾವು ‘ಓಟದ ಅಂತರ’ ಎಂದು ಕರೆಯೋಣ. ಹೊಲದ ಬದುವಿನಲ್ಲಿ ಕುಳಿತ ಬೆಳ್ಳಕ್ಕಿ ಎತ್ತಿನ ಕಾಲಬುಡದಲ್ಲಿಯೇ ಆಡುತ್ತದೆ. ಕೋಲು ಹಿಡಿದ ಹುಡುಗನನ್ನು ಕಂಡರೆ ದೂರದಲ್ಲಿಯೇ ಏಳುತ್ತದೆ. ಒಂದೇ ಹಕ್ಕಿಗೆ ಎತ್ತಿನಿಂದ ಒಂದು ಅಂತರ, ಹುಡುಗನಿಂದ ಇನ್ನೊಂದು. ಮೃಗಾಲಯದ ಆವರಣ ಈ ಅಂತರಕ್ಕಿಂತ ಕಿರಿದಾದರೆ ಪ್ರಾಣಿಗೆ ಓಡಬೇಕೆನಿಸುತ್ತದೆ, ಓಡಲು ಎಡೆಯಿರುವುದಿಲ್ಲ. ದಿನವೆಲ್ಲ ಹೆದರಿದ ಪ್ರಾಣಿ ಮೇವು ಬಿಡುತ್ತದೆ, ಮರಿ ಹಾಕುವುದಿಲ್ಲ. ಪ್ರೇಕ್ಷಕರು ಕೂಗುವುದೂ ಕಲ್ಲೆಸೆಯುವುದೂ ಅಸಭ್ಯವೆಂದು ನಾವು ಹೇಳುವುದುಂಟು. ಅಸಭ್ಯತೆಯ ಮಾತು ಹಾಗಿರಲಿ. ಕೂಗಿದವನು ತನಗೆ ಕಾಣದ ಒಂದು ಗೆರೆಯನ್ನು ದಾಟಿ ಪ್ರಾಣಿಯ ಮೈಮೇಲೆ ಬಿದ್ದಂತಾಗುತ್ತದೆ.

ಒಂದೇ ದಾರಿಯಲ್ಲಿ ಹೋಗಿ ಬಂದು, ಹೋಗಿ ಬಂದು, ಒಂದೇ ಕಡೆಯಲ್ಲಿ ತಿರುಗುವ ಕರಡಿಯನ್ನೋ ಚಿರತೆಯನ್ನೋ ಮೃಗಾಲಯಗಳಲ್ಲಿ ಅನೇಕರು ನೋಡಿರಬಹುದು. ‘ನೋಡು, ಹೇಗೆ ಕವಾಯತು ಮಾಡುತ್ತದೆ!’ ಎಂದು ಜನ ನಗುತ್ತಾರೆ. ಕಾಡಿನಲ್ಲಿ ಮೈಲಿಗಟ್ಟಲೆ ಅಲೆದು ಆಹಾರ ಹುಡುಕುವ ಸ್ವಭಾವದ ಪ್ರಾಣಿಗೆ ಹುಡುಕುವ ಕೆಲಸವೇ ತಪ್ಪಿದಾಗ ಈ ಅರ್ಥವಿಲ್ಲದ ತಿರುಗಾಟ ಮೊದಲಾಗುತ್ತದೆ. ಆಹಾರವನ್ನು ಒಂದೇ ಕಡೆ ಸುರಿಯದೆ ಮರದ ಪೊಟರೆಯಲ್ಲಿಯೋ ಕಲ್ಲಿನ ಸಂದಿಯಲ್ಲಿಯೋ ಅಡಗಿಸಿಟ್ಟರೆ ಅದು ಬಹುಮಟ್ಟಿಗೆ ಕಡಮೆಯಾಗುವುದುಂಟು. 1991ರಲ್ಲಿ ವನ್ಯಜೀವಿ ಶಾಸನಕ್ಕೆ ಸೇರಿಸಿದ ಅಧ್ಯಾಯದಂತೆ 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವೊಂದು ರಚಿತವಾಗಿ, ಅದರ ಮನ್ನಣೆಯಿಲ್ಲದೆ ನಮ್ಮ ದೇಶದಲ್ಲಿ ಮೃಗಾಲಯ ನಡೆಸಕೂಡದೆಂದಾಯಿತು. ಸೆರೆಮನೆಯೆಂದು ದೂರುವವರು ಹತ್ತು ನಿಮಿಷ ಒಂದು ಆವರಣದ ಮುಂದೆ ನಿಂತು, ಪ್ರಾಣಿ ಎಷ್ಟು ಸಲ ಒಂದೇ ದಾರಿಯಲ್ಲಿ ತಿರುಗಿತೆಂದು ಎಣಿಸಿ ಬರೆದರೆ ಅವರ ವಾದಕ್ಕೆ ಬಲ ಬಂದೀತು. ಒಂದು ಸಲವೂ ತಿರುಗದಿದ್ದರೆ ಅದನ್ನೂ ಬರೆಯಬೇಕು.

ಈ ಸೆರೆಯಿಂದಲೇ ಬದುಕಿದ ಜಾತಿಗಳೂ ಉಂಟಲ್ಲ! ಚೀನದ ಪೆರೆ ಡೇವಿಡನ ಸಾರಂಗವನ್ನು ತೆಗೆದುಕೊಳ್ಳೋಣ. 1865ರಲ್ಲಿ ಆರ್ಮಾಂ ಡೇವಿಡ್ ಎಂಬ ಫ್ರೆಂಚ್ ಪಾದ್ರಿ ಅದನ್ನು ಕಂಡಾಗ ಅದು ಉಳಿದಿದ್ದುದು ಬೀಜಿಂಗಿನ ಚಕ್ರವರ್ತಿಯ ಬೇಟೆಯ ತೋಪಿನಲ್ಲಿ ಮಾತ್ರ. ಆ ಶತಮಾನ ಮುಗಿಯುವ ಹೊತ್ತಿಗೆ ನೆರೆಯಿಂದಲೂ ಯುದ್ಧದಿಂದಲೂ ಅಲ್ಲಿಯೂ ಅದು ಅಳಿಯಿತು. ಯೂರೋಪಿನ ಮೃಗಾಲಯಗಳಲ್ಲಿ ಚದುರಿಹೋಗಿದ್ದ ಹದಿನೆಂಟು ಪ್ರಾಣಿಗಳನ್ನು ಇಂಗ್ಲೆಂಡಿನ ಬೆಡ್‌ಫರ್ಡಿನ ಡ್ಯೂಕನು ತನ್ನ ತೋಟದಲ್ಲಿ ಕೂಡಿಹಾಕಿ ಬೆಳೆಸಿದನು. ಅವುಗಳ ಸಂತಾನ 1985ರಲ್ಲಿ ಬೀಜಿಂಗಿಗೆ ಮರಳಿತು. ಇದಕ್ಕಿಂತ ನಮಗೆ ಹತ್ತಿರವಾದುದು ಕೃಷ್ಣಮೃಗದ ಕಥೆ. ಪಾಕಿಸ್ತಾನದ ಬಯಲುಗಳಲ್ಲಿ ಬೇಟೆಯಿಂದ ಕೃಷ್ಣಮೃಗ ಮಾಯವಾಯಿತು. ಅಮೆರಿಕದ ಟೆಕ್ಸಾಸಿನ ಧನಿಕರು ತಮ್ಮ ಹುಲ್ಲುಗಾವಲುಗಳಲ್ಲಿ ಬಿಟ್ಟುಕೊಂಡಿದ್ದ ಹಿಂಡುಗಳಿಂದ ಕೆಲವನ್ನು 1970ರ ದಶಕದಲ್ಲಿ ತಂದು ಅಲ್ಲಿನ ಲಾಲ್ ಸುಹಾನ್ರಾ ಉದ್ಯಾನದಲ್ಲಿ ಬೆಳೆಸಬೇಕಾಯಿತು. ತನ್ನ ಮನೆಯ ಪ್ರಾಣಿಯನ್ನು ಸಾವಿರಾರು ಮೈಲಿಯಾಚೆಯ ಹವ್ಯಾಸಿಗಳಿಂದ ಬೇಡಿ ತರುವ ಗತಿ!

ಆ ಪ್ರಾಣಿಯನ್ನು ನಮ್ಮ ಸೀಮೆಯ ವಿದ್ಯಾರ್ಥಿಗಳು ಮೈಸೂರಿನಲ್ಲಿ ಕೈತಟ್ಟಿ ನೋಡುತ್ತಾರೆ. ಆದರೆ ಹಿರೇಕೆರೂರಿನ ನೆರೆಯ ತಾಲ್ಲೂಕಾದ ರಾಣೆಬೆನ್ನೂರಿನಲ್ಲಿ ಅದೇ ಪ್ರಾಣಿಗಾಗಿ 1974ರಲ್ಲಿಯೇ 119 ಚದರ ಕಿಲೋಮೀಟರುಗಳ ಅಭಯಾರಣ್ಯವೊಂದನ್ನು ಘೋಷಿಸಲಾಗಿದೆ. ಅಲ್ಲಿ ಅದು ಕಂದಕವಿಲ್ಲದೆ, ಫಲಕವಿಲ್ಲದೆ ಹಿಂಡುಹಿಂಡಾಗಿ ಮೇಯುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಅದು ‘ಚಿಗರಿ’. ಹುಬ್ಬಳ್ಳಿ-ಧಾರವಾಡಗಳ ನಡುವೆ 2018ರಲ್ಲಿ ಹೊರಟ ವೇಗದ ಬಸ್ಸುಗಳಿಗೆ ಈ ಹೆಸರನ್ನೇ ಇಟ್ಟರು. ಗಂಟೆಗೆ ಎಂಬತ್ತು ಕಿಲೋಮೀಟರು ಓಡಬಲ್ಲ ಪ್ರಾಣಿಯ ಹೆಸರನ್ನು ಬಸ್ಸಿಗೆ ಇಟ್ಟವರ ರಸಿಕತೆಯನ್ನು ನಾವು ಮೆಚ್ಚಿದೆವು. ಬಸ್ಸು ಹತ್ತಿದ ಹುಡುಗರಲ್ಲಿ ಎಷ್ಟು ಜನ ನಿಜವಾದ ಚಿಗರಿಯ ಓಟವನ್ನು ನೋಡಿದ್ದಾರೆಂಬುದು ಬೇರೆಯ ಪ್ರಶ್ನೆ.

ಚಿಗರಿಯನ್ನು ಜಿಂಕೆಯೆಂದು ಕರೆಯುವುದು ರೂಢಿಯಲ್ಲಿದ್ದರೂ ಪ್ರಾಣಿಶಾಸ್ತ್ರದ ದೃಷ್ಟಿಯಿಂದ ಅದು ಚುಕ್ಕೆಜಿಂಕೆಯ ಬಳಗಕ್ಕೆ ಸೇರಿದುದಲ್ಲ. ಆಕಳು, ಆಡು, ಕುರಿಗಳ ಬಳಗಕ್ಕೆ ಸೇರಿದುದು. ಚುಕ್ಕೆಜಿಂಕೆಯ ಗಂಡಿಗಿರುವುದು ಕವಲೊಡೆದ ಕೊಂಬು, ಅದು ಉದುರಿ ಮತ್ತೆ ಹುಟ್ಟುತ್ತದೆ, ಉದ್ದಕ್ಕೂ ಮೂಳೆಯೇ. ಚಿಗರಿಯ ಕೊಂಬು ತಿರುಚಿಕೊಂಡು ಉಂಗುರ ಉಂಗುರವಾಗಿ ಬೆಳೆಯುತ್ತದೆ, ಕವಲಿಲ್ಲ, ಒಳಗೆ ಮೂಳೆಯ ತಿರುಳು, ಹೊರಗೆ ನಮ್ಮ ಉಗುರಿನಂತಹ ಪದಾರ್ಥದ ಒರೆ, ಮುರಿದರೆ ಹೋಯಿತು, ಉದುರುವುದಿಲ್ಲ. ಮನೆಯ ಎತ್ತಿನ ಕೊಂಬನ್ನು ಬಣ್ಣ ಹಚ್ಚುವಾಗ ಮುಟ್ಟಿ ನೋಡಿದ ಹುಡುಗನಿಗೆ ಇದು ಅರ್ಧ ತಿಳಿದೇ ಇರುತ್ತದೆ. ಮೃಗಾಲಯದಲ್ಲಿ ಎರಡು ಆವರಣಗಳ ಮುಂದೆ ಹತ್ತು ಹತ್ತು ನಿಮಿಷ ನಿಂತರೆ ಉಳಿದರ್ಧವೂ ತಿಳಿಯುತ್ತದೆ. ಒಂದು ಸಲ ಇಂತಹ ಆವರಣದ ಬಳಿ ನಾವು ನಿಂತಿದ್ದಾಗ ಪ್ರವಾಸಕ್ಕೆ ಬಂದ ಹುಡುಗಿಯೊಬ್ಬಳು, ‘ಸರ್, ಅದೊಂದ ಯಾಕ ಕರ್ರಗ ಐತಿ? ಉಳಿದವು ಯಾಕ ಕೆಂಪಗ ಅದಾವು?’ ಎಂದು ಕೇಳಿದಳು. ‘ಲಗೂ ನಡಿ, ಬಸ್ಸಿಗೆ ತಡಾ ಆಗ್ತದ’ ಎಂಬುದು ಅವಳಿಗೆ ದೊರೆತ ಉತ್ತರ. ಆ ದಿನ ಆ ಮೃಗಾಲಯದಲ್ಲಿ ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಅದಾಗಿದ್ದಿತು. ಚಿಗರಿಯ ಮರಿಗಳೆಲ್ಲ ಕಂದು ಬಣ್ಣದವೇ. ಗಂಡು ಬೆಳೆದು ಪ್ರಾಯಕ್ಕೆ ಬಂದಂತೆಲ್ಲ ಕಪ್ಪಾಗುತ್ತ ಹೋಗುತ್ತದೆ; ತನ್ನದೆಂದು ಒಂದಿಷ್ಟು ನೆಲ ಹಿಡಿದು, ಅದರೊಳಗೆ ಒಂದೇ ಕಡೆ ಹಿಕ್ಕೆ ಹಾಕಿ ಗುರುತು ಮಾಡಿ, ಬೇರೆ ಗಂಡುಗಳನ್ನು ಅಟ್ಟುತ್ತದೆ. ಕಪ್ಪು ಬಣ್ಣ ಅದರ ಬಲದ ಜಾಹೀರಾತು. ಹುಡುಗಿಯ ಪ್ರಶ್ನೆಗೆ ಇಷ್ಟು ಉತ್ತರ ಹೇಳಲು ಒಂದು ನಿಮಿಷ ಸಾಕಾಗುತ್ತಿದ್ದಿತು.

ಇಷ್ಟು ವೇಗದ ಓಟ ಚಿಗರಿಗೆ ಏತಕ್ಕೆ? ಅದನ್ನು ಅಟ್ಟಿ ಹಿಡಿಯುತ್ತಿದ್ದ ಚೀತಾ ಈ ಬಯಲುಗಳಲ್ಲಿದ್ದಿತು. ಆ ಬೇಟೆಗಾರನೇ ಅದರ ಕಾಲುಗಳನ್ನು ರೂಪಿಸಿದುದೆಂದು ಪ್ರಾಣಿಶಾಸ್ತ್ರಜ್ಞರು ಊಹಿಸುತ್ತಾರೆ. ಭಾರತದಲ್ಲಿ ಚೀತಾ ಅಳಿಯಿತೆಂದು 1952ರಲ್ಲಿ ಸಾರಲಾಯಿತು. 2020ರಲ್ಲಿ ದಕ್ಷಿಣ ಆಫ್ರಿಕದಿಂದ ಮೂರು ಚೀತಾಗಳು ಮೈಸೂರಿನ ಮೃಗಾಲಯಕ್ಕೆ ಬಂದುವು. 2022ರಲ್ಲಿ ನಮೀಬಿಯದಿಂದ ಎಂಟು ಮಧ್ಯಪ್ರದೇಶದ ಕುನೋ ಕಾಡಿಗೆ ಬಂದುವು. ಚೀತಾವನ್ನು ನೋಡಿ ಬಂದವನು ರಾಣೆಬೆನ್ನೂರಿನ ಬಯಲಿನಲ್ಲಿ ಚಿಗರಿ ನೆಗೆಯುವುದನ್ನು ಕಂಡರೆ, ಇಲ್ಲದ ಶತ್ರುವಿನಿಂದ ಅದು ಇಂದಿಗೂ ಓಡುತ್ತಿದೆಯೆಂದು ಅವನಿಗೆ ಹೊಳೆಯದಿರದು. ಮೃಗಾಲಯದ ಫಲಕದಲ್ಲಿ ಈ ಮಾತು ಬರೆದಿರುವುದಿಲ್ಲ. ಅದಕ್ಕೆ ಎರಡು ಕಡೆಯನ್ನೂ ನೋಡಬೇಕು.

ಫಲಕದಲ್ಲಿ ಬರೆಯದ ಇನ್ನೊಂದು ಮಾತುಂಟು. ನಮ್ಮ ಓದುಗರಲ್ಲಿ ಅನೇಕರು ಒಕ್ಕಲಿಗರ ಮನೆಯವರಾದುದರಿಂದ ಅದನ್ನು ಮರೆಮಾಚಲಾಗದು. ಮೈಸೂರಿನಲ್ಲಿ ಚಪ್ಪಾಳೆ ಪಡೆಯುವ ಚಿಗರಿ ನಮ್ಮ ಜಿಲ್ಲೆಯಲ್ಲಿ ಗೋವಿನಜೋಳ, ಶೇಂಗಾಗಳ ಎಳೆಯ ಪೈರಿಗೆ ನುಗ್ಗುತ್ತದೆ. ಬಿತ್ತಿದುದನ್ನು ಕಾಯಲು ಹೊಲದಲ್ಲಿ ಗುಡಿಸಲು ಹಾಕಿ ಮಲಗುವವನಿಗೆ ಅದರ ಕೊಂಬಿನ ಚೆಲುವು ಕಾಣದು. ಅಭಯಾರಣ್ಯದ ಬಹುಭಾಗದಲ್ಲಿ ಹುಲ್ಲಿಗೆ ಬದಲಾಗಿ ನೀಲಗಿರಿ ಮರದ ತೋಪುಗಳು ಎದ್ದವು; ನೀಲಗಿರಿಯ ಎಲೆಯನ್ನು ಚಿಗರಿ ತಿನ್ನದು. ಹುಲ್ಲಿಲ್ಲದ ಅಭಯಾರಣ್ಯದಿಂದ ಹಸಿರಿರುವ ಹೊಲಕ್ಕೆ ಪ್ರಾಣಿ ಬರುವುದರಲ್ಲಿ ಆಶ್ಚರ್ಯವೇನು? 1972ರ ವನ್ಯಜೀವಿ ಶಾಸನ ಅದನ್ನು ಕೊಲ್ಲಕೂಡದೆನ್ನುತ್ತದೆ, ಸರಿಯಾಗಿಯೇ ಅನ್ನುತ್ತದೆ. ಆದರೆ ಕಾಯುವ ವೆಚ್ಚವನ್ನು ಬಡ ಒಕ್ಕಲಿಗನೊಬ್ಬನೇ ಹೊರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಹುಲ್ಲುಗಾವಲನ್ನು ಹುಲ್ಲುಗಾವಲಾಗಿ ಬಿಡುವುದೇ ಚಿಗರಿಗೂ ಒಕ್ಕಲಿಗನಿಗೂ ಹಿತವೆಂಬುದು ನಮ್ಮ ಅಭಿಪ್ರಾಯ. ಬೋಳು ನೆಲವನ್ನು ಕಂಡೊಡನೆ ಮರ ನೆಡುವ ನಮ್ಮ ಉತ್ಸಾಹ ಎಲ್ಲ ಕಡೆಯೂ ಒಳ್ಳೆಯದಲ್ಲ. ಇದನ್ನು ವಾದಿಸಬೇಕಾದವರು ಮುಂದೆ ಅಧಿಕಾರಿಗಳೂ ಒಕ್ಕಲಿಗರೂ ಆಗಲಿರುವ ಇಂದಿನ ವಿದ್ಯಾರ್ಥಿಗಳೇ. ಅವರು ಚಿಗರಿಯನ್ನು ಕಂದಕದಾಚೆ ಮಾತ್ರ ಕಂಡಿದ್ದರೆ ವಾದಿಸುವುದು ಹೇಗೆ?

ಹುಲ್ಲುಗಾವಲು ಹೋದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಎರೆಭೂತ ಹಕ್ಕಿಯನ್ನು ನೆನೆಯಬೇಕು. ಹದಿನೈದು ಕಿಲೋಗ್ರಾಮಿನವರೆಗೂ ತೂಗುವ, ಸುಮಾರು ಒಂದು ಮೀಟರು ಎತ್ತರ ನಿಲ್ಲುವ ಈ ಭಾರೀ ಹಕ್ಕಿ ರಾಣೆಬೆನ್ನೂರಿನ ಬಯಲಿನಲ್ಲಿಯೂ ಇದ್ದಿತು. ಈಗ ಅಲ್ಲಿಲ್ಲ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಇಡೀ ದೇಶದ ಬಯಲುಗಳಲ್ಲಿ ನೂರೈವತ್ತಕ್ಕಿಂತ ಕಡಮೆಯೆಂದು ಅಂದಾಜು. ಅದು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ನೇರ ಮುಂದಿನ ನೋಟ ಅದಕ್ಕೆ ಮಂದವಾದುದರಿಂದ ಹಾರುವಾಗ ವಿದ್ಯುತ್ತಿನ ತಂತಿಗೆ ಬಡಿದು ಸಾಯುತ್ತದೆ. ರಾಜಸ್ಥಾನದಲ್ಲಿ 2019ರಿಂದ ಅದರ ಮೊಟ್ಟೆಗಳನ್ನು ಕಾವುಪೆಟ್ಟಿಗೆಯಲ್ಲಿಟ್ಟು ಮರಿಮಾಡಿ ಸಾಕಲಾಗುತ್ತಿದೆ. ಸೆರೆಮನೆಯನ್ನು ದೂರುವವರು ಈ ಸೆರೆಯನ್ನೂ ದೂರುವರೇ ಎಂದು ನಾವು ಕೇಳಬಯಸುತ್ತೇವೆ. ಹೊರಗೆ ಹುಲ್ಲು ಉಳಿಯದಿದ್ದರೆ ಆ ಮರಿಗಳನ್ನು ಬಿಡುವುದೆಲ್ಲಿಗೆ ಎಂದು ಮೃಗಾಲಯವನ್ನು ಹೊಗಳುವವರನ್ನೂ ಕೇಳಬಯಸುತ್ತೇವೆ.

ರಾಷ್ಟ್ರಪಕ್ಷಿಯನ್ನು ಆರಿಸುವ ಕಾಲದಲ್ಲಿ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಈ ಎರೆಭೂತದ ಪರವಾಗಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು. ನವಿಲಿನ ಅದೃಷ್ಟ ಹೇಗಿದೆಯೆಂಬುದನ್ನು ನೋಡಲು ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಗೆ ಹೋಗಬೇಕು. ನಮ್ಮ ಸೀಮೆಗೆ ಐತಿಹಾಸಿಕ ಉದ್ಯಾನವೂ ಮೃಗಾಲಯವೂ ಒಂದೇ ಕಡೆ ಬೇಕೆಂದರೆ ಅದು ಅಲ್ಲಿಯೇ ಇದೆ. ಯಾರೂ ಅದನ್ನು ಹಾಗೆಂದು ಕಟ್ಟಲಿಲ್ಲ, ಅಷ್ಟೆ. ರಾಷ್ಟ್ರಕೂಟರ ಬಂಕೆಯನ ಹೆಸರನ್ನು ಹೊತ್ತ ಊರದು; ಗುಣಭದ್ರಾಚಾರ್ಯರ ಉತ್ತರಪುರಾಣ 898ರಲ್ಲಿ ಮುಗಿದುದು ಅಲ್ಲಿ. ಕೋಟೆಯೊಳಗೆ ನಗರೇಶ್ವರನ ಗುಡಿಯಿದೆ. ಜನ ಅದನ್ನು ಅರವತ್ತು ಕಂಬದ ಗುಡಿಯೆನ್ನುವರು. ಆ ಕೋಟೆಯ ನೆಲವನ್ನು ಸರಕಾರವು ಖಿಲಾರಿ ರಾಸುಗಳ ತಳಿ ಬೆಳೆಸಲು ಬಳಸಿಕೊಂಡಿತು. ರಾಸುಗಳಿಗಾಗಿ ಮೇವು ಬೆಳೆಯಿತು. ಕಂದಕದಲ್ಲಿ ಗಿಡಗಂಟಿ ದಟ್ಟವಾಯಿತು. ರಾತ್ರಿ ಕೂರಲು ಮರಗಳಿದ್ದುವು. ಗೋಡೆಯೊಳಗೆ ಜನರ ಓಡಾಟ ಕಡಮೆ. ನವಿಲಿಗೆ ಬೇಕಾದುದೂ ಇಷ್ಟೇ. ಅವು ತಾವಾಗಿಯೇ ನೆರೆದು ಹೆಚ್ಚಿದುವು. 139 ಎಕರೆಗಳ ಆ ನೆಲ 2006ರಲ್ಲಿ ನವಿಲುಗಳ ಸಂರಕ್ಷಣೆಗೆ ಮೀಸಲಾಯಿತು. ಶತ್ರುವನ್ನು ಹೊರಗಿಡಲು ತೋಡಿದ ಕಂದಕ ನವಿಲನ್ನು ಒಳಗೆ ಕಾಪಾಡುತ್ತಿದೆ. ಹಾಗೆನ್‌ಬೆಕ್ ಇದನ್ನು ಕಂಡಿದ್ದರೆ ಎಷ್ಟು ಸಂತೋಷಪಡುತ್ತಿದ್ದನೋ!

ಹೆಡಿಗರನ ‘ಓಟದ ಅಂತರ’ವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಸ್ಥಳ ಬೇಕಿಲ್ಲ. ಬೆನ್ನಟ್ಟದೆ, ದಾರಿ ಬಿಟ್ಟು ಹೋಗದೆ, ಮೆಲ್ಲನೆ ನಡೆಯುತ್ತ, ನವಿಲು ತಲೆಯೆತ್ತಿದ ಕಡೆ ನಿಂತು ಹೆಜ್ಜೆಗಳಲ್ಲಿ ದೂರವನ್ನು ಅಂದಾಜು ಮಾಡಿದರಾಯಿತು. ಮರಿಗಳೊಡನಿರುವ ಹೆಣ್ಣು ಎಷ್ಟು ದೂರದಲ್ಲಿ ಸರಿಯುತ್ತದೆ, ಒಂಟಿ ಗಂಡು ಎಷ್ಟು ದೂರದಲ್ಲಿ, ನೀಲಿ ಅಂಗಿಯವರಿಗೂ ಬಿಳಿ ಅಂಗಿಯವರಿಗೂ ವ್ಯತ್ಯಾಸವುಂಟೆ? ಗರಿಯ ಬಣ್ಣವೂ ಒಂದು ಪಾಠವೇ. ನವಿಲುಗರಿಯಲ್ಲಿ ನೀಲಿ ಬಣ್ಣದ ಪದಾರ್ಥ ಇಲ್ಲವೇ ಇಲ್ಲ. ಗರಿಯ ಎಳೆಯೊಳಗೆ ಅತಿ ಸೂಕ್ಷ್ಮವಾದ ಕಡ್ಡಿಗಳು ಜಾಲರಿಯಂತೆ ಜೋಡಣೆಯಾಗಿದ್ದು, ಅವುಗಳ ನಡುವಿನ ಅಂತರಕ್ಕೆ ತಕ್ಕ ಬೆಳಕು ಮಾತ್ರ ಬಲವಾಗಿ ಹಿಂದಿರುಗುತ್ತದೆಂದು 2003ರಲ್ಲಿ ಚೀನದ ಭೌತವಿಜ್ಞಾನಿಗಳು ತೋರಿಸಿದರು. ನಮ್ಮ ಸಿ. ವಿ. ರಾಮನ್ನರೂ 1934ರಷ್ಟು ಹಿಂದೆಯೇ ಹಕ್ಕಿಗಳ ಗರಿಬಣ್ಣದ ಮೂಲವನ್ನು ಕುರಿತು ಬರೆದಿದ್ದರು. ಮನೆಯಲ್ಲಿ ದೇವರ ಜಗಲಿಯ ಮೇಲೆ ಹಳೆಯ ಗರಿಯೊಂದಿದ್ದರೆ ಅದನ್ನು ಕಿಟಕಿಯ ಬೆಳಕಿಗೆ ಅಡ್ಡವಾಗಿ ಹಿಡಿದು, ಬೆಳಕು ಅದರ ಮೂಲಕ ಹಾಯುವಂತೆ ನೋಡಿ. ನೀಲಿ ಹೋಗಿ ಕಂದು ಕಾಣುತ್ತದೆ.

ಆಫ್ರಿಕದ ಜಿರಾಫೆಯನ್ನು ನೋಡಲು ಮೈಸೂರಿಗೆ ಹೋಗುವವರು ಆಫ್ರಿಕದ ಮರವನ್ನು ನೋಡಲು ಸವಣೂರಿಗೆ ಹೋದರೆ ಸಾಕು. ಅಲ್ಲಿನ ಮಠದ ಆವರಣದ ‘ದೊಡ್ಡ ಹುಣಸೆ’ ಮರಗಳು ಹುಣಸೆಯಲ್ಲ. ಆಫ್ರಿಕದ ಬಯಲಿನ ಬಾವೊಬಾಬ್. ತಿರುಳು ಹುಳಿಯಾದುದರಿಂದ ನಮ್ಮವರು ಹುಣಸೆಯೆಂದರು. ಉಬ್ಬಿದ ಕಾಂಡದಲ್ಲಿ ನೀರು ತುಂಬಿಟ್ಟುಕೊಳ್ಳುವ, ರಾತ್ರಿ ಹೂವರಳಿಸುವ ಈ ಮರದ ಬೀಜ ಕಡಲಿನಾಚೆಯಿಂದ ಇಲ್ಲಿಗೆ ಬಂದಿರಬೇಕು. ಮೂರು ಮರಗಳಲ್ಲೊಂದು 2023ರ ಮಳೆಗಾಲದಲ್ಲಿ ಉರುಳಿ, ಅದನ್ನು ಎತ್ತಿ ನಿಲ್ಲಿಸುವ ಪ್ರಯತ್ನ ನಡೆಯಿತು. ಸಾವಿರಾರು ವರ್ಷದ ಮರವೆಂದು ಹೇಳುವವರು ಯಾವ ಅಳತೆಯಿಂದ ಹೇಳುತ್ತಾರೆಂದು ವಿದ್ಯಾರ್ಥಿಗಳು ವಿನಯದಿಂದ ವಿಚಾರಿಸಬೇಕು. ಬಾವೊಬಾಬಿನ ವಯಸ್ಸು ಕಾಂಡದ ಸುತ್ತಳತೆಯಿಂದ ತಿಳಿಯುವಂತಹುದಲ್ಲ.

ಹಾಗಾದರೆ ಮೈಸೂರಿಗೆ ಹೋಗಬೇಡವೆಂದು ಹೇಳುತ್ತಿದ್ದೇವೆಯೆ? ಖಂಡಿತವಾಗಿಯೂ ಅಲ್ಲ. ಗೊರಿಲ್ಲವನ್ನು ಕಣ್ಣಾರೆ ನೋಡಲು ಹಾನಗಲ್ಲಿನ ಹುಡುಗಿಗೆ ಬೇರೆ ದಾರಿಯಿಲ್ಲ. 2021ರಲ್ಲಿ ಜರ್ಮನಿಯಿಂದ ಎರಡು ಗೊರಿಲ್ಲಗಳು ಅಲ್ಲಿಗೆ ಬಂದುವು. ಹೋಗುವ ಮುನ್ನ ಬಂಕಾಪುರ, ರಾಣೆಬೆನ್ನೂರುಗಳಿಗೆ ಒಂದೊಂದು ದಿನ ಹೋಗಿಬನ್ನಿ ಎನ್ನುತ್ತೇವೆ. ವೆಚ್ಚ ಮೈಸೂರಿನ ಪ್ರವಾಸದ ಒಂದು ಸಣ್ಣ ಪಾಲು. ಮೈಸೂರಿನಲ್ಲಿ ಬೃಂದಾವನದ ದೀಪಗಳನ್ನು ಬಿಟ್ಟರೂ ಚಿಂತೆಯಿಲ್ಲ, ಮೃಗಾಲಯಕ್ಕೆ ಅರ್ಧ ದಿನ ಕೊಡಿ. ಐವತ್ತು ಜನರನ್ನು ಐದೈದರಂತೆ ವಿಂಗಡಿಸಿ, ಒಂದೊಂದು ತಂಡಕ್ಕೆ ಎರಡು ಆವರಣ ಮಾತ್ರ ಹಂಚಿ. ಒಂದೊಂದರ ಮುಂದೆ ಮುಕ್ಕಾಲು ಗಂಟೆ ಕುಳಿತು, ಪ್ರಾಣಿ ಏನು ಮಾಡಿತೆಂಬುದನ್ನು ಐದು ನಿಮಿಷಕ್ಕೊಮ್ಮೆ ಬರೆಯಲಿ. ಮಿಕ್ಕವನ್ನು ನಡೆಯುತ್ತ ನೋಡಿದರಾಯಿತು. ರಾತ್ರಿ ಹಿಂದಿರುಗುವ ಬಸ್ಸಿನಲ್ಲಿ ಹತ್ತು ತಂಡಗಳು ತಮ್ಮ ಇಪ್ಪತ್ತು ಪ್ರಾಣಿಗಳ ವರದಿಯನ್ನು ಒಬ್ಬರಿಗೊಬ್ಬರು ಓದಿ ಹೇಳುವಾಗ ಚಲನಚಿತ್ರದ ಹಾಡುಗಳಿಗೆ ಸ್ವಲ್ಪ ಎಡೆ ಕಡಮೆಯಾದೀತು.

ಹೊತ್ತಿನ ವಿಷಯವೊಂದನ್ನು ಉಪಾಧ್ಯಾಯರು ಗಮನಿಸಬೇಕು. ಹೆಚ್ಚಿನ ಪ್ರಾಣಿಗಳು ಚುರುಕಾಗಿರುವುದು ಬೆಳಗಿನ ತಂಪಿನಲ್ಲಿ. ಅರಮನೆ ಮುಗಿಸಿ ನಡುಹಗಲಿನಲ್ಲಿ ಹೋದವರಿಗೆ ನೆರಳಿನಲ್ಲಿ ಮಲಗಿದ ಸಿಂಹದ ಬಾಲ ಕಾಣುತ್ತದೆ. ಅರಮನೆ ಮಧ್ಯಾಹ್ನವೂ ಅಲ್ಲಿಯೇ ಇರುತ್ತದೆ, ಆದುದರಿಂದ ಬಾಗಿಲು ತೆರೆಯುವ ಹೊತ್ತಿಗೇ ಮೃಗಾಲಯದ ಮುಂದಿರುವುದು ಒಳ್ಳೆಯದು. ಮಂಗಳವಾರ ಅದಕ್ಕೆ ವಾರದ ರಜೆ. ಸೋಮವಾರ ರಾತ್ರಿ ಊರು ಬಿಡುವಂತೆ ಬಸ್ಸನ್ನು ಗೊತ್ತುಮಾಡಬಾರದು.